ತಲೆ ತಿರುಗಿದರೆ ಕಿವಿಯನ್ನೂ ವಿಚಾರಿಸಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರಿಗಾದರೂ ತಲೆ ತಿರುಗಿದರೆ ಕಾರಣ ಹೇಳುವವರಿಗೆ ಬರವಿಲ್ಲ. ‘ಪಿತ್ತ ಆಗ್ಯಾದ’, ‘ಬಿ.ಪಿ. ಕಮ್ಮಿ ಆಗ್ಯಾದ’, ‘ಬಿಸಲು ಬಡದಾದ’ ಎನ್ನುತ್ತಾ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಕಿವಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

ಬಿ.ಇ. ಓದುತ್ತಿರುವ ನನಗೆ ಒಳಕಿವಿ ಅರ್ಥವಾಗಿದ್ದು ಮೊಬೈಲ್‌ನಿಂದ. ಫೋನ್ ಅಡ್ಡ ಹಿಡಿದರೆ ಪರದೆಯೂ ತಿರುಗಲು ಒಳಗಿನ ಸೆನ್ಸರ್ ಕಾರಣ. ನಮ್ಮ ಪ್ರತಿ ಒಳಕಿವಿಯಲ್ಲೂ ಅಂಥವೇ ಇವೆ: ತಲೆ ಹೊರಳುವುದನ್ನು ಅಳೆಯುವ 3 ಅರೆವೃತ್ತ ನಾಳಗಳು, ವೇಗದ ಏರಿಳಿತ, ವಾಲುವಿಕೆ ಅಳೆಯುವ 2 ಪುಟ್ಟ ಚೀಲಗಳು. ಚೀಲದೊಳಗಿನ ಸುಣ್ಣದ ಹರಳು ಕಳಚಿ ನಾಳ ಸೇರಿದರೆ, ಮಲಗಿದವರಿಗೂ ಮನೆ ಗಿರಕಿ ಹೊಡೆಯುತ್ತದೆ.

ನಮ್ಮ ಆಯಿಗೆ ಆಗಿದ್ದು ಇದೇ. ಬಲಕ್ಕೆ ಹೊರಳಿದರೆ ಸಾಕು, ಅರ್ಧ ನಿಮಿಷ ಎಲ್ಲ ತಿರುಗುತ್ತಿತ್ತು. ಜೊತೆಗೆ ತಣ್ಣನೆ ಬೆವರು, ವಾಂತಿ, ಎದೆಬಡಿತ. ‘ಇನ್ನ ನಂದು ಮುಗೀತು’ ಎಂದು ಹೊಲಕ್ಕೆ, ಗುಡಿಗೆ ಹೋಗುವುದನ್ನೇ ಬಿಟ್ಟಳು. ಮನೆಯವರಿಗೆ ಹಾರ್ಟಿನದೇ ಹೆದರಿಕೆ.

ಕಿವಿಯ ದೋಷಕ್ಕೆ ಎದೆ ಯಾಕೆ ಹೊಡೆದುಕೊಳ್ಳಬೇಕು? ಇದು ಸ್ವಾಯತ್ತ ನರಮಂಡಲದ ಕೆಲಸ. ಎದೆಬಡಿತ, ಬೆವರು, ಜೀರ್ಣಕ್ರಿಯೆ, ರಕ್ತದೊತ್ತಡಗಳನ್ನು ನಮ್ಮನ್ನು ಕೇಳದೆ ನಡೆಸುವ ವ್ಯವಸ್ಥೆಯಿದು. ಕಿವಿಯ ಸಮತೋಲನದ ಸುದ್ದಿ ಮಿದುಳಿನ ಬುಡಕ್ಕೆ ತಲುಪಿ, ಅಲ್ಲಿಂದ ಈ ವ್ಯವಸ್ಥೆಗೂ ಹೋಗುತ್ತದೆ. ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿಯದಂತೆ ಕಾಯಲು ಈ ನಂಟು ನೆರವಾಗುತ್ತದೆ. ಕಿವಿ ತಪ್ಪು ಸುದ್ದಿ ಕಳಿಸಿದರೆ ಅದೇ ನಂಟು ಬೆವರು, ವಾಂತಿ ತರಿಸುತ್ತದೆ. ಬಸ್ಸಿನಲ್ಲಿ ಮೊಬೈಲ್ ನೋಡಿದರೆ ವಾಕರಿಕೆ ಬರುವುದೂ ಹೀಗೆಯೇ: ಕಿವಿ ‘ಓಡುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಕೂತಿದ್ದೇವೆ’ ಎನ್ನುತ್ತದೆ. ಹೆದರಿದಷ್ಟೂ ಈ ನರಗಳು ಇನ್ನಷ್ಟು ಕೆರಳುತ್ತವೆ.

ಹಿಂದೆ ಯುರೋಪಿನಲ್ಲೂ ಇಂಥ ತಲೆಸುತ್ತನ್ನು ಮಿದುಳಿನ ಕಾಯಿಲೆ ಎಂದೇ ನಂಬಿದ್ದರು. ಅದು ಒಳಕಿವಿಯಿಂದಲೂ ಬರಬಹುದೆಂದು 1861ರಲ್ಲಿ ತೋರಿಸಿಕೊಟ್ಟವರು ಪ್ಯಾರಿಸ್‌ನ ವೈದ್ಯ ಪ್ರಾಸ್ಪರ್ ಮೆನಿಯೇರ್. ತಲೆಸುತ್ತಿನ ಜೊತೆ ಕಿವಿ ಮೊರೆತ, ಕಿವುಡು ಕಾಣುವ ಕಾಯಿಲೆಗೆ ಇಂದಿಗೂ ಅವರದೇ ಹೆಸರು.

ಕಲಬುರಗಿಯ ಕಿವಿ-ಮೂಗು-ಗಂಟಲು ವೈದ್ಯರೊಬ್ಬರು ಆಯಿಯನ್ನು ಮಲಗಿಸಿ, ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ, ಹರಳನ್ನು ನಾಳದಿಂದ ಹೊರಡಿಸಿದರು. ಇದಕ್ಕೆ ಎಪ್ಲಿ ವಿಧಾನ ಎನ್ನುತ್ತಾರೆ. ಸೂಜಿಯಿಲ್ಲ, ಆಪರೇಷನ್ ಇಲ್ಲ. ಎರಡು ಸಲಕ್ಕೇ ಗಿರಕಿ ನಿಂತಿತು. ಕೈಕೋಲಿಲ್ಲದೆ ನಡೆಯುವ ಧೈರ್ಯ ಮರಳಲು ಮಾತ್ರ ಒಂದು ತಿಂಗಳು ಹಿಡಿಯಿತು.

ತಲೆಸುತ್ತೆಲ್ಲ ಕಿವಿಯದಲ್ಲ. ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ವಸ್ತು ಎರಡಾಗಿ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಹೊರಳಿದಾಗಷ್ಟೇ ಮನೆ ತಿರುಗುತ್ತದೆ ಎನ್ನುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ‘ವಯಸ್ಸಾತು ಬಿಡ್ರಿ’ ಎನ್ನಬೇಡಿ. ಒಮ್ಮೆ ಕಿವಿ ತೋರಿಸಿ.