ಮೇಜಿನ ಮೇಲೆ ರಾಯಚೂರು ಯುದ್ಧ

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಮಣ್ಣನ್ನು ದೇವದುರ್ಗದ ನಮ್ಮ ಆಟದ ಬಳಗದ ಮಕ್ಕಳು ಎಸೆಯಲಿಲ್ಲ. ಹೆಬ್ಬೆರಳಿನಷ್ಟು ಎತ್ತರದ ಸೈನಿಕರು, ಕುದುರೆ, ಆನೆ ಮಾಡಿ ಒಣಗಿಸಿದರು. ಸುಣ್ಣ ಬಳಿದವು ವಿಜಯನಗರದ ಕೃಷ್ಣದೇವರಾಯನ ಕಡೆ, ಕೆಮ್ಮಣ್ಣು ಬಳಿದವು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾನ ಕಡೆ. ಆಟ, 1520ರ ಮೇ 19ರ ರಾಯಚೂರು ಯುದ್ಧ.

ಇಂಥ ಆಟ ಲೋಕಕ್ಕೆ ಹೊಸದಲ್ಲ. ಪ್ರಷ್ಯಾದ ಸೇನಾಧಿಕಾರಿಗಳು 1824ರಲ್ಲೇ ನಕಾಶೆಯ ಮೇಲೆ ಆಡಿ ಯುದ್ಧ ಕಲಿಯುತ್ತಿದ್ದರು. ಕಥೆಗಾರ ಎಚ್.ಜಿ. ವೆಲ್ಸ್ 1913ರಲ್ಲಿ ಗೊಂಬೆ ಸೈನಿಕರ ಆಟಕ್ಕೆಂದೇ ಪುಸ್ತಕ ಬರೆದ. ನಮ್ಮ ಚದುರಂಗ ಇವಕ್ಕೆಲ್ಲ ಹಿರಿಯಕ್ಕ.

ಸಾವಿರ ಕಾಲಾಳಿಗೆ ಒಂದು ಗೊಂಬೆ ಎಂದು ಮೊದಲು ಮಾತಾಯಿತು. ಆದರೆ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ರಾಯನ ಕಾಲಾಳುಗಳು 7,03,000 ಎನ್ನುತ್ತಾನೆ. ಅಂದರೆ 703 ಗೊಂಬೆ! ನನಗಂತೂ ನಂಬಿಕೆ ಇಲ್ಲ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಅಷ್ಟು ಮಂದಿಗೆ ಕುಡಿಯಲು ನೀರೆಲ್ಲಿಂದ? ಕೊನೆಗೆ 60 ಬಿಳಿ, 30 ಕೆಂಪು ಎಂದಾಯಿತು.

ಕಾಲಾಳು ಒಂದು ಪಾಳಿಗೆ ಒಂದು ಗೇಣು, ಕುದುರೆ ಎರಡು ಗೇಣು. ಯಾರ ಗೇಣು ಎಂದು ಜಗಳವಾಗಿ ಒಂದು ಕಡ್ಡಿ ಮುರಿದಿಟ್ಟುಕೊಂಡರು. ತೋಪು ಒಮ್ಮೆ ಹಾರಿದರೆ ಮುಂದಿನ ಎರಡು ಪಾಳಿ ಮೌನ. ಕೆಂಪು ಸೈನ್ಯದ ಬೆನ್ನಿಗೆ ನೀರು ತುಂಬಿದ ತಗಡಿನ ತಟ್ಟೆ, ಅದೇ ಕೃಷ್ಣಾ ನದಿ.

ಆದಿಲ್‌ಶಾ ಆಗಲು ಯಾರೂ ಮುಂದೆ ಬರಲಿಲ್ಲ. ಸೋಲುವವನ ಪಾತ್ರ ಯಾರಿಗೆ ಬೇಕು? ನಾನೇ ಕುಳಿತೆ. ಎದುರಿಗೆ ಏಳನೇ ತರಗತಿಯ ಹುಡುಗಿ.

ನಿಜವಾದ ಯುದ್ಧದಲ್ಲಿ ಆದಿಲ್‌ಶಾನ ತೋಪುಗಳು ಒಟ್ಟಿಗೇ ಸಿಡಿದವು. ವಿಜಯನಗರದ ಮುಂದಿನ ಸಾಲು ಚದುರಿತು. ಆದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ರಾಯ ಎರಡನೇ ಸಾಲಿನೊಡನೆ ನುಗ್ಗಿದ. ಅದಕ್ಕೇ ನಾನು ನನ್ನ ಆರು ತೋಪುಗಳನ್ನು ಎರಡು ಪಾಲು ಮಾಡಿ ಒಂದಾದ ಮೇಲೆ ಒಂದು ಹಾರಿಸಿದೆ. ಮೂರು ಪಾಲು ಮಾಡಿದರೆ ಹೊಡೆತಕ್ಕೆ ಬಲವೇ ಇರುತ್ತಿರಲಿಲ್ಲ. ಹುಡುಗಿ ಮಾತಾಡದೆ ಬೆರಳು ಮಡಚಿ ಎಣಿಸಿದಳು. ಒಂದು, ಎರಡು... ಮೂರನೇ ಪಾಳಿ ಖಾಲಿ! ಆ ಪಾಳಿಯಲ್ಲೇ ಅವಳ ಕುದುರೆಗಳೆಲ್ಲ ಬಂದವು.

ಹಿಂದೆ ಸರಿದೆ. “ಕಾಕಾ, ಒಂದ್ ಪಾಳಿಗೆ ನಾಕ್ ಮಂದಿನ ಅಷ್ಟ ಹೊಳಿ ದಾಟಸ್ರಿ, ನಿಯಮ ಅದ” ಎಂದಳು. ದಂಡೆಯಲ್ಲಿ ಸಿಕ್ಕಿಬಿದ್ದವರು ನೀರಿಗೆ. ಸುಡದ ಮಣ್ಣು, ನೋಡನೋಡುತ್ತ ಕರಗಿತು. ನಗುತ್ತಿದ್ದವರೆಲ್ಲ ಸುಮ್ಮನಾದರು. ಒಬ್ಬ ಪುಟ್ಟ ಹುಡುಗ ತಾನೇ ಮಾಡಿದ ಕೆಂಪು ಕುದುರೆಯ ಮೇಲೆ ಕೈ ಇಟ್ಟು, “ಅಕ್ಕಾ, ಇದನ್ನ ಬಿಡು” ಎಂದ.

ಅಂದು ಎಷ್ಟೋ ಮಂದಿ ಹೊಳೆಯಲ್ಲಿ ಮುಳುಗಿದರು. ತಪ್ಪಿಲ್ಲದವರು ಸಾಯುತ್ತಿದ್ದಾರೆಂದು ರಾಯ ಬೆನ್ನಟ್ಟುವುದನ್ನು ನಿಲ್ಲಿಸಿದನೆಂದು ನ್ಯೂನಿಜ್ ಬರೆದಿದ್ದಾನೆ. ನಾನು ಇದನ್ನು ಹೇಳುವ ಮೊದಲೇ ಹುಡುಗಿ ತನ್ನ ಕುದುರೆಗಳನ್ನು ಒಂದು ಗೇಣು ಹಿಂದೆ ಸರಿಸಿದ್ದಳು.

ಮುಂದಿನ ಭಾನುವಾರ ಆದಿಲ್‌ಶಾ ಆಗಲು ಮೂವರು ಹೆಸರು ಕೊಟ್ಟಿದ್ದಾರೆ. ಒಬ್ಬ ತಾನು ಹೊಳೆ ದಾಟಿ ಬರುವುದೇ ಇಲ್ಲ ಎನ್ನುತ್ತಾನೆ. ಹಾಗಾದರೆ ಯುದ್ಧವೇ ಆಗುವುದಿಲ್ಲವಲ್ಲ ಎಂದು ಉಳಿದವರ ತಕರಾರು. ಅದಿನ್ನೂ ತೀರ್ಮಾನವಾಗಿಲ್ಲ.