ಇಳಕಲ್ಲಿನ ಬಿಸಿಲೂ ನಮ್ಮ ಜೀಪಿನ ಬ್ಯಾಟರಿಯೂ

ಘಟ್ಟದ ಮೇಲಿನ ನಾವು ಮಳೆಯನ್ನು ಬಲ್ಲೆವು. ಬಿಸಿಲನ್ನೂ ಬಲ್ಲೆವೆಂದು ಹೇಳಿಕೊಳ್ಳುವ ಧೈರ್ಯ ಮಾತ್ರ 2023ರ ಏಪ್ರಿಲ್ ನಂತರ ನಮಗೆ ಉಳಿದಿಲ್ಲ. ಮನೆಯಲ್ಲಿ ಮದುವೆ ನಿಶ್ಚಯವಾಗಿತ್ತು. ಸೀರೆಗೆ ಇಳಕಲ್ಲಿಗೇ ಹೋಗಬೇಕೆಂದು ಹೆಂಗಸರ ಹಟ. ಬಾದಾಮಿಯ ಗುಹೆಗಳನ್ನೂ ನೋಡಿ ಬರೋಣವೆಂದು ನಮ್ಮ ಆಸೆ. ಹಿಂದೆ 13ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿದ್ದ ಸೊಲ್ಲಾಪುರ–ಮಂಗಳೂರು ರಸ್ತೆ ನಮ್ಮ ಕೊಪ್ಪ, ತೀರ್ಥಹಳ್ಳಿಗಳನ್ನೂ ಆ ಕಡೆಯ ಹುನಗುಂದ, ಇಳಕಲ್ಲುಗಳನ್ನೂ ಒಂದೇ ದಾರದಲ್ಲಿ ಪೋಣಿಸಿತ್ತು. ಈಗ ಸಂಖ್ಯೆಗಳು ಬದಲಾಗಿವೆ, ದಾರಿ ಅದೇ.

ಬಾಗಲಕೋಟೆಯಲ್ಲಿ ತಂಗಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹುನಗುಂದದ ಮೇಲೆ ಇಳಕಲ್ಲಿಗೆ ಬಂದೆವು. ಅಂಗಡಿಯ ಮುಂದೆ ಬಟಾಬಯಲಿನಲ್ಲಿ ಜೀಪು ಮೂರು ಗಂಟೆ ನಿಂತಿತ್ತು. ಹೊರಟು ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು, ಅಷ್ಟೆ.

ಹತ್ತಿರದ ಗ್ಯಾರೇಜಿನ ಹಿರಿಯರೊಬ್ಬರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಹಿಂದೆಳೆದರು. “ಬ್ಯಾಟ್ರಿ ಹೋಗೇತ್ರಿ ಸಾಹೇಬ್ರ. ನಿಮ್ಮ ಕಡೆ ತಂಪ ಐತಿ, ಅದಕ್ಕ ಇಷ್ಟ ದಿನಾ ತಾಳೇತಿ.”

“ಕಾಕಾ, ನಿನ್ನೆಯವರೆಗೂ ಸರಿಯಾಗಿತ್ತಲ್ಲ?”

“ಸಾಯೂ ಹಿಂದಿನ ದಿನಾ ಎಲ್ಲಾರೂ ಬದುಕೇ ಇರ್ತಾರ್ರಿ.”

ಅವರ ಮಾತು ವಿಜ್ಞಾನಕ್ಕೂ ಸರಿ. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಅದ್ದಿದ ಈ ಪೆಟ್ಟಿಗೆಯ ಮೂಲ ರೂಪ 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮಾಡಿದ್ದು. ಒಳಗಿನ ತತ್ವ ಇಂದಿಗೂ ಅದೇ. ಬಿಸಿ ಹೆಚ್ಚಿದಂತೆ ಒಳಗಿನ ನೀರು ಆರುತ್ತದೆ, ಫಲಕ ಸವೆಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆಂದು ಸ್ಥೂಲ ಲೆಕ್ಕ. ನಮ್ಮದಕ್ಕೆ ಆಗಲೇ ನಾಲ್ಕು ವರ್ಷ. ಮುದುಕನನ್ನು ಬಿಸಿಲಿಗೆ ನಿಲ್ಲಿಸಿದ ತಪ್ಪು ನಮ್ಮದೇ.

ಇನ್ನು ನಮ್ಮ ಮೂರ್ಖತನದ ಕಥೆ. ಹೆಂಗಸರು ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗವನ್ನು ಮುಕ್ಕಾಲು ಗಂಟೆ ಬೆಳಕಿಗೆ ಹಿಡಿದು ನೋಡಿದ್ದರು. ನಾವು ಪದವೀಧರರು, ದಾರಿಯ ಒಂದು ಅಂಗಡಿಯಲ್ಲಿ ಐದೇ ನಿಮಿಷದಲ್ಲಿ ಬ್ಯಾಟರಿ ಕೊಂಡೆವು. ಮೇಲೆ ಒತ್ತಿದ್ದ ತಯಾರಿಕೆಯ ತಿಂಗಳು ನೋಡಲಿಲ್ಲ. ಗ್ಯಾರಂಟಿ ಚೀಟಿಗೆ ತಾರೀಖು, ಮೊಹರು ಹಾಕಿಸಲಿಲ್ಲ. ಅದು ತಯಾರಾಗಿ ಹದಿನಾಲ್ಕು ತಿಂಗಳು ಕಳೆದಿತ್ತೆಂದು ತಿಳಿದದ್ದು ಆಮೇಲೆ. ಬ್ಯಾಟರಿ ಕಪಾಟಿನಲ್ಲಿ ಸುಮ್ಮನೆ ಕುಳಿತರೂ ತಾನಾಗಿ ಇಳಿಯುತ್ತದೆ. ಇಳಿದದ್ದನ್ನು ಹಾಗೇ ಬಿಟ್ಟರೆ ಫಲಕದ ಮೇಲೆ ಗಟ್ಟಿ ಸಲ್ಫೇಟು ಕಟ್ಟಿಕೊಳ್ಳುತ್ತದೆ.

ಫಲ ಜುಲೈಯಲ್ಲಿ ಸಿಕ್ಕಿತು. ಮಳೆಗೆ ಜೀಪು ಹದಿನಾರು ದಿನ ಶೆಡ್ಡಿನಿಂದ ಹೊರಬಂದಿರಲಿಲ್ಲ. ರಾತ್ರಿ ಎರಡಕ್ಕೆ ಲೈನಿನಿಂದ ಕೂಗು: ಕೆಲಸದ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು. ಕೀಲಿ ತಿರುಗಿಸಿದರೆ ಅದೇ ಟಕ್ ಟಕ್. ಅವಳನ್ನು ಹಿಂದೆ ಮಲಗಿಸಿ, ಐದು ಜನ ಕಂಬಳಿಕೊಪ್ಪೆ ಹೊದ್ದು ಅಂಗಳದ ಇಳಿಜಾರಿಗೆ ತಳ್ಳಿದರು. ಗೇಟಿನ ಹತ್ತಿರ ಎಂಜಿನ್ ಹಿಡಿಯಿತು. ತಾಯಿ ಮಗು ಕ್ಷೇಮ. ಅಂಗಳ ಸಮತಟ್ಟಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ನಿದ್ದೆ ಹತ್ತುವುದಿಲ್ಲ. ಆಟೋಮ್ಯಾಟಿಕ್ ಗೇರಿನ ಕಾರಂತೂ ತಳ್ಳಿದರೂ ಏಳುವುದಿಲ್ಲ, ಅದನ್ನು ಕೊಂಡ ಸದಸ್ಯರು ಗಮನಿಸಬೇಕು.

ಆದ್ದರಿಂದ ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ ಪರೀಕ್ಷಿಸಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಮೀಟರು ಹಿಡಿದರೆ ಸುಮಾರು 12.6 ವೋಲ್ಟ್ ಇರಬೇಕು. 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರಬೇಕು, ಏರದಿದ್ದರೆ ರೋಗ ಆಲ್ಟರ್ನೇಟರಿನಲ್ಲೋ ಬೆಲ್ಟಿನಲ್ಲೋ ಇದೆ, ಹೊಸ ಬ್ಯಾಟರಿ ಹಾಕಿದರೆ ಅದೂ ಸಾಯುತ್ತದೆ. ಬಿರಡೆಯಿರುವ ಬ್ಯಾಟರಿಗೆ ಹೈಡ್ರೋಮೀಟರು ಇನ್ನೂ ಒಳ್ಳೆಯ ಸಾಕ್ಷಿ. ಆರು ಕೋಣೆಗಳಲ್ಲಿ ಐದು 1.25ರ ಮೇಲಿದ್ದು ಒಂದು ಮಾತ್ರ ತೀರ ಕೆಳಗಿದ್ದರೆ ಕಥೆ ಮುಗಿದಂತೆ. ಮುಚ್ಚಿದ ಬ್ಯಾಟರಿಯ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ, ಅದು ಒಂದೇ ಕೋಣೆಯನ್ನು ನೋಡುತ್ತದೆ. ಹಾಕುವ ನೀರು ಡಿಸ್ಟಿಲ್ಡ್ ವಾಟರೇ ಆಗಬೇಕು. ಹೆಂಚಿನ ಮೇಲಿಂದ ಇಳಿದ ಮಳೆನೀರೂ ಶುದ್ಧವೇ ಎಂದು ವಾದಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅವರು ಎಷ್ಟು ಬ್ಯಾಟರಿ ಬದಲಿಸಿದರೆಂದು ಕೇಳಿ ನೋಡಿ.

ಕೊಳ್ಳುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ ಅಳತೆಯನ್ನೇ ಕೊಳ್ಳಿರಿ. ಸಣ್ಣ ಪೆಟ್ರೋಲ್ ಕಾರಿಗೆ 35 ಆಂಪಿಯರ್-ಗಂಟೆ ಸಾಕಾದೀತು, ಡೀಸೆಲ್ ಜೀಪಿಗೆ ಸಾಲದು. ಪ್ಲಸ್ ಕಂಬ ಎಡಕ್ಕೋ ಬಲಕ್ಕೋ ಎಂಬುದು ಹಳೆಯದಕ್ಕೆ ಹೊಂದಬೇಕು, ಇಲ್ಲವಾದರೆ ತಂತಿ ಎಟುಕುವುದಿಲ್ಲ. ಸಿಗ್ನಲಿನಲ್ಲಿ ತಾನೇ ನಿಂತು ತಾನೇ ಹೊರಡುವ ಹೊಸ ಕಾರುಗಳಿಗೆ ಬೇರೆ ಜಾತಿಯ ಬ್ಯಾಟರಿ ಬೇಕು. ಅಗ್ಗವೆಂದು ಸಾಮಾನ್ಯದ್ದನ್ನು ಹಾಕಬೇಡಿ.

ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಕೀಲಿ ತೆಗೆದು, ಬೀಡಿ ಸಿಗರೇಟು ದೂರವಿಟ್ಟು (ಬ್ಯಾಟರಿ ಬಿಡುವ ಜಲಜನಕ ಕಿಡಿಗೆ ಸಿಡಿಯುತ್ತದೆ), ಬೋರ್ಡೋ ಸಿಂಪಡಣೆಯ ಕನ್ನಡಕ ಧರಿಸಿ, ಮೊದಲು ಮೈನಸ್ ಬಿಚ್ಚಿರಿ, ಆಮೇಲೆ ಪ್ಲಸ್. ಮೈನಸ್ ತಂತಿ ಗಾಡಿಯ ಮೈಗೇ ಕೂಡಿರುತ್ತದೆ. ಅದು ಇರುವಾಗ ಪ್ಲಸ್ ಬಿಚ್ಚುವ ಸ್ಪ್ಯಾನರು ಬಾನೆಟ್ಟಿಗೆ ತಾಗಿದರೆ ಬೆಂಕಿಯೇ. ಹಾಕುವಾಗ ತಿರುವು ಮುರುವು: ಮೊದಲು ಪ್ಲಸ್, ಕೊನೆಗೆ ಮೈನಸ್. ಕಂಬದ ಬಿಳಿ ಹುಡಿಯನ್ನು ಅಡುಗೆ ಸೋಡಾದ ನೀರಿನಲ್ಲಿ ತೊಳೆದು ಒರೆಸಿ, ಬಿಗಿದ ಮೇಲೆ ವ್ಯಾಸಲೀನು ಸವರಿ. ಕೆಳಗಿನ ಪಟ್ಟಿಯನ್ನು ಬಿಗಿಯಲು ಮರೆಯಬೇಡಿ. ನಮ್ಮ ತೋಟದ ರಸ್ತೆಗಳಲ್ಲಿ ಅಲುಗಾಟದಿಂದ ಸತ್ತ ಬ್ಯಾಟರಿಗಳು ಕಡಿಮೆಯಲ್ಲ. ಆಮ್ಲ ಕಣ್ಣಿಗೆ ಹಾರಿದರೆ ತಕ್ಷಣ ಹದಿನೈದು ನಿಮಿಷವಾದರೂ ನೀರು ಸುರಿದು ಡಾಕ್ಟರಲ್ಲಿಗೆ ಓಡಿರಿ.

ಹಳೆಯದನ್ನು ಕೊಟ್ಟಿಗೆಯ ಮೂಲೆಗೆ ಎಸೆಯಬೇಡಿ, ಆಮ್ಲವನ್ನು ಹಳ್ಳಕ್ಕೆ ಚೆಲ್ಲಬೇಡಿ. ಸೀಸ ಬಾವಿಗಿಳಿದರೆ ಮಕ್ಕಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ತಯಾರಕರು ಹಳೆಯದನ್ನು ಸಂಗ್ರಹಿಸಲು ಹೊಣೆಗಾರರು. ಅಂಗಡಿಗೆ ಮರಳಿಸಿದರೆ ಬೆಲೆಯಲ್ಲಿ ಕಡಿತವೂ ಉಂಟು.

ಸಂಘದ ಕಚೇರಿಯಲ್ಲಿ ಒಂದು ಮೀಟರನ್ನೂ ಹೈಡ್ರೋಮೀಟರನ್ನೂ ಸದಸ್ಯರಿಗಾಗಿ ಇಟ್ಟಿದ್ದೇವೆ. ಪುಸ್ತಕದಲ್ಲಿ ರುಜು ಮಾಡಿ ಒಯ್ಯಬಹುದು. ಕಳೆದ ಬಾರಿ ಒಯ್ದವರು ರಬ್ಬರ್ ಬಲ್ಬು ಬಿಟ್ಟು ಗಾಜಿನ ಕೊಳವೆ ಮಾತ್ರ ತಂದುಕೊಟ್ಟಿದ್ದಾರೆ; ಬಲ್ಬು ಮನೆಯಲ್ಲಿ ಸಿಕ್ಕಿದರೆ ದಯವಿಟ್ಟು ತಲುಪಿಸಬೇಕು.