ಕರುಣೆಯ ಬಾಗಿಲಲ್ಲಿ ಕಲಿತದ್ದು

ಹನ್ನೆರಡು ವರ್ಷ ಮುಂಬೈ ಲೋಕಲ್‌ನಲ್ಲಿ ಓಡಾಡಿದರೂ, ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಯಹೂದಿಗಳ ಪ್ರಾರ್ಥನಾ ಮಂದಿರದಿಂದ ಎನ್ನುವವರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಹೇಳಿದವರು ನಮ್ಮ ಬ್ಯಾಂಕಿನ ಹಿರಿಯ ಸಹೋದ್ಯೋಗಿ. ಅವರು ಬೆನೆ ಇಸ್ರೇಲಿ ಯಹೂದಿ, ಮನೆಮಾತು ಮರಾಠಿ. ಕೊಂಕಣದಲ್ಲಿ ಗಾಣ ನಡೆಸುತ್ತಿದ್ದ ಅವರ ಹಿರಿಯರು ಶನಿವಾರ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಊರವರು ‘ಶನಿವಾರ ತೇಲಿ’ ಎಂದೇ ಕರೆಯುತ್ತಿದ್ದರಂತೆ.

ಒಂದು ಭಾನುವಾರ ಆ ಮಂದಿರಕ್ಕೆ ಕರೆದೊಯ್ದರು. ಹೆಸರು ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು. ‘ಇದರಲ್ಲಿ ನಿಮ್ಮ ಮೈಸೂರಿನ ಕಥೆಯೂ ಇದೆ’ ಎಂದು ನಕ್ಕರು. 1796ರಲ್ಲಿ ಇದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದು ಟಿಪ್ಪುವಿಗೆ ಸೆರೆಸಿಕ್ಕಿದ್ದರು. ಟಿಪ್ಪುವಿನ ತಾಯಿಯ ಮಾತಿನಿಂದ ಅವರ ಜೀವ ಉಳಿಯಿತು ಎಂಬುದು ಸಮುದಾಯದ ನಂಬಿಕೆ.

ಆದರೆ ಕರುಣೆಯ ಬಾಗಿಲಲ್ಲೂ ಗುರುತಿನ ಚೀಟಿ ತೋರಿಸಬೇಕಾಯಿತು. 2008ರ ನವೆಂಬರ್‌ನಲ್ಲಿ ನಾರಿಮನ್ ಹೌಸ್‌ನೊಳಗೆ ರಬ್ಬಿ ದಂಪತಿ ಸೇರಿ ಆರು ಮಂದಿ ಹತರಾದರು. ಎರಡು ತುಂಬುತ್ತಿದ್ದ ಅವರ ಮಗುವನ್ನು ಎತ್ತಿಕೊಂಡು ಹೊರಗೆ ಬಂದವರು ಆಯಾ ಸ್ಯಾಂಡ್ರಾ ಸ್ಯಾಮ್ಯುಯೆಲ್. ಆಕೆ ಯಹೂದಿಯಲ್ಲ.

‘ಭಾರತದಲ್ಲಿ ನೆರೆಹೊರೆಯವರು ನಮ್ಮನ್ನು ದ್ವೇಷಿಸಲಿಲ್ಲ. ಈಗ ಹೊರಗಿನ ಸುದ್ದಿ ಓದಿದರೆ ಭಯವಾಗುತ್ತದೆ’ ಎಂದರು. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಪ್ರಾರ್ಥನಾ ಮಂದಿರದಲ್ಲಿ 11 ಜನರನ್ನು ಕೊಂದವನಿಗೆ, ಯಹೂದಿ ಸಂಸ್ಥೆಯೊಂದು ನಿರಾಶ್ರಿತರಿಗೆ ನೆರವಾಗುತ್ತಿದೆ ಎಂಬ ಸಿಟ್ಟಿತ್ತು. ಗಾಯಗೊಂಡ ಅವನಿಗೆ ಚಿಕಿತ್ಸೆ ನೀಡಿದವರಲ್ಲಿ ಯಹೂದಿಗಳೂ ಇದ್ದರು. ‘ಹೆದರಿದ್ದೇವೆಂದು ಕರ್ತವ್ಯ ಬಿಡಲಾಗುತ್ತದೆಯೇ? ಈಜಿಪ್ಟಿನಲ್ಲಿ ನಾವೂ ಪರಕೀಯರಾಗಿದ್ದೆವು. ಅದಕ್ಕೇ ಪರಕೀಯರನ್ನು ನೋಯಿಸಬಾರದು ಎಂದು ನಮ್ಮ ತೋರಾ ಹೇಳುತ್ತದೆ’ ಎಂದರು.

ಯೋಮ್ ಕಿಪ್ಪೂರ್ ಉಪವಾಸದ ದಿನ ಅವರು ತಪ್ಪೊಪ್ಪಿಕೊಳ್ಳುವುದು ‘ನಾನು’ ಎಂದಲ್ಲ, ‘ನಾವು’ ಎಂದು. ಮನುಷ್ಯನಿಗೆ ಮಾಡಿದ ತಪ್ಪಿಗೆ ದೇವರ ಕ್ಷಮೆಯಷ್ಟೇ ಸಾಲದು, ಆ ಮನುಷ್ಯನನ್ನೇ ಕೇಳಬೇಕು.

ನನಗೆ ಚುಚ್ಚಿದ್ದು ಇದೇ. ಹಿಂದಿನ ವಾರ ನಮ್ಮೂರ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಜಗತ್ತಿನ ಬ್ಯಾಂಕುಗಳೆಲ್ಲ ಯಹೂದಿಗಳ ಕೈಯಲ್ಲಿವೆ, ಎಲ್ಲ ಯುದ್ಧಕ್ಕೂ ಅವರೇ ಕಾರಣ’ ಎಂಬ ಸಂದೇಶ ಬಂದಿತ್ತು. ಓದಿ ಸುಮ್ಮನಿದ್ದೆ. ಒಂದು ಸರ್ಕಾರದ ಯುದ್ಧವನ್ನು ಟೀಕಿಸುವುದು ಬೇರೆ, ಇಡೀ ಜನಾಂಗವನ್ನು ದೂಷಿಸುವುದು ಬೇರೆ. ಅರವತ್ತರ ದಶಕದಲ್ಲಿ ಇದೇ ಮುಂಬೈಯಲ್ಲಿ ‘ಮದ್ರಾಸಿಗಳು ಕೆಲಸ ಕಸಿದರು’ ಎಂಬ ಕೂಗೆದ್ದು ನಮ್ಮ ಉಡುಪಿ ಹೋಟೆಲುಗಳ ಮೇಲೂ ದಾಳಿಯಾಗಿತ್ತು. ಆ ಮಾತಿಗೂ ಈ ಸಂದೇಶಕ್ಕೂ ಏನು ವ್ಯತ್ಯಾಸ?

ವಾಪಸ್ ಬರುವಾಗ ರೈಲಿನಲ್ಲೇ ಆ ಸಂದೇಶದ ವಿಷಯ ಅವರಿಗೆ ಹೇಳಿ, ಸುಮ್ಮನಿದ್ದದ್ದಕ್ಕೆ ಕ್ಷಮೆ ಕೇಳಿದೆ. ‘ನನ್ನನ್ನು ಕೇಳಿದ್ದಾಯಿತು. ಇನ್ನು ಅಲ್ಲಿಯೂ ಬರೆಯಿರಿ’ ಎಂದರು.

ಬರೆದೆ. ಒಬ್ಬ ಗುಂಪು ಬಿಟ್ಟ. ಇನ್ನೊಬ್ಬ ರಾತ್ರಿ ಫೋನ್ ಮಾಡಿ, ‘ಟಿಪ್ಪು ತಾಯಿ ಕಥೆ ಏನೋ ಅದು, ಪೂರ್ತಿ ಹೇಳು ಮಾರಾಯ’ ಎಂದ.